ಬಚ್ಚಲ ಬಾಗಿಲಿನ ಗುಂಡುಕಲ್ಲು

ಮುಳಬಾಗಿಲಿನ ಆ ಹಳೆಯ ಛತ್ರಕ್ಕೆ ಈಗ ‘ಹೆರಿಟೇಜ್ ಸ್ಟೇ’ ಎಂದು ಹೆಸರು. ತಿರುಪತಿಗೆ ನಡೆದು ಹೋಗುವವರಿಗೆ ಪುಕ್ಕಟೆ ಅನ್ನ ಹಾಕುತ್ತಿದ್ದ ಜಾಗ ಅದು. ನಿಜವಾದ ಬಿರುಕುಗಳನ್ನು ಮೆತ್ತಿ ಮುಚ್ಚಿ, ಅದರ ಮೇಲೆ ಹಳೆಯದಾಗಿ ಕಾಣಲೆಂದು ಬಣ್ಣದಲ್ಲಿ ಬಿರುಕು ಬರೆಸಿದ್ದಾರೆ. ಇಂಥ ಬುದ್ಧಿಗೆ ಏನು ಹೇಳೋಣ!

ನಾನೂ ದೊಡ್ಡಮ್ಮನೂ ಅಲ್ಲಿ ಉಳಿದದ್ದು ಅವಳ ಮರಿಮಗಳ ನಾಮಕರಣಕ್ಕೆ ಹೋದಾಗ. ಮನೆ ತುಂಬ ನೆಂಟರು, ಮಲಗಲು ಜಾಗವಿಲ್ಲವೆಂದು ನಮಗೆ ಅಲ್ಲಿ ಕೋಣೆ ಹಿಡಿದಿದ್ದರು. ದೊಡ್ಡಮ್ಮನಿಗೆ ಹಿಗ್ಗೋ ಹಿಗ್ಗು. ಅವಳ ಅಪ್ಪ ಆ ಛತ್ರದ ಅಡಿಗೆಯವರು. ಅವಳು ಹುಟ್ಟಿದ್ದೂ ಅದರ ಹಿಂದಿನ ಕೋಣೆಯಲ್ಲೇ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮಲಗಿಸಿ ತೂಗುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಛತ್ರದಲ್ಲಿ ಚಟ್ನಿ ರುಬ್ಬುತ್ತಿದ್ದ ಗುಂಡುಕಲ್ಲು ದೊಡ್ಡಮ್ಮನ ತೊಟ್ಟಿಲಲ್ಲಿ ಮಲಗಿತ್ತಂತೆ. ಅದೇ ಕಲ್ಲು ಮರಿಮಗಳ ತೊಟ್ಟಿಲಲ್ಲೂ ಮಲಗಬೇಕು, ಅಷ್ಟೇ ಅವಳ ಆಸೆ. ಕೋಲಾರ ದಾಟಿದಾಗಿನಿಂದ ಕಾರಿನಲ್ಲಿ ಅದೇ ಮಾತು.

ಒರಳು ಸಿಕ್ಕಿತು, ನಮ್ಮ ಕೋಣೆಯ ಬಚ್ಚಲಲ್ಲಿ. ತಳಕ್ಕೆ ತೂತು ಕೊರೆದು, ಸಿಮೆಂಟಿನಲ್ಲಿ ಕೂರಿಸಿ, ಮೇಲೊಂದು ಹಿತ್ತಾಳೆಯ ನಲ್ಲಿ ಇಟ್ಟು ವಾಷ್ ಬೇಸಿನ್ ಮಾಡಿದ್ದರು. ಹಿಂದೆ ಉಳಿದಿದ್ದ ಯಾರೋ ಪುಣ್ಯಾತ್ಮರು ಉಗುಳಿದ ಪೇಸ್ಟು ಅಂಚಿನಲ್ಲಿ ಒಣಗಿತ್ತು. ಅದಕ್ಕೊಂದು ಕೂದಲು ಅಂಟಿಕೊಂಡಿತ್ತು. ಗುಂಡುಕಲ್ಲು ಕಕ್ಕಸ್ಸಿನ ಬಾಗಿಲು ಬಡಿಯದಂತೆ ಆತುಕೊಂಡು ಕೂತಿತ್ತು, ಅಡಿಯಲ್ಲಿ ಕರಿಯ ಲೋಳೆ. 

“ಇದೇಂ ಕರ್ಮರಾ!” ಎಂದು ದೊಡ್ಡಮ್ಮ ತೆಲುಗಿನಲ್ಲೇ ಹಣೆ ಚಚ್ಚಿಕೊಂಡಳು. “ಎತ್ಕೋ ಅವನ್ನ. ನನಗಿಂತ ಮೊದ್ಲು ತೊಟ್ಟಿಲಲ್ಲಿ ಮಲಗ್ದೋನು ಕಣೋ, ನನ್ನಣ್ಣ ಆಗ್ತಾನೆ. ಅಣ್ಣನ್ನ ತಂದು ಕಕ್ಕಸ್ಸಿಗೆ ಕಾವ್ಲು ನಿಲ್ಸವ್ರಲ್ಲೋ!”

ಮಾರನೆಯ ಬೆಳಿಗ್ಗೆ ಅಂಗಳದ ನಲ್ಲಿಯಡಿ ಕೂತು ಸೀಗೆಪುಡಿ ಹಾಕಿ ಕಲ್ಲು ಉಜ್ಜಿದಳು. ನಾನು ಜಗಲಿಯಲ್ಲಿ ಅವರು ಕೊಟ್ಟ ತಣ್ಣನೆಯ ಬ್ರೆಡ್ಡು ಅಗಿಯುತ್ತಿದ್ದೆ. ಮುಳಬಾಗಿಲಿಗೆ ಬಂದು ದೋಸೆಯಿಲ್ಲದ ತಿಂಡಿ! ಅಷ್ಟರಲ್ಲಿ ಮ್ಯಾನೇಜರ್ ಹುಡುಕಿಕೊಂಡು ಬಂದ. ಕಲ್ಲು ನೋಡಿದವನೇ ಫೋನ್ ಹಿಡಿದ.

“ಅಜ್ಜಿ, ಇನ್ನೊಂದ್ಸಲ ನೀರು ಹಾಕಿ. ರೀಲ್ ಚೆನ್ನಾಗ್ ಬರುತ್ತೆ.”

ಅವನ ಮುಖಕ್ಕೇ ನೀರು ಎರಚಬೇಕು ಅನ್ನಿಸಿತು. ಕಲ್ಲು ಕೊಂಡೊಯ್ಯುತ್ತೇವೆ, ವಾಪಸ್ಸು ಕೊಡುವುದಿಲ್ಲ ಎಂದೆ.

“ಅದೆಂಗಾಗುತ್ತೆ ಸರ್? ಆಂಟಿಕ್ ಪೀಸು. ಅದಿಲ್ದೆ ಆ ಬಾಗ್ಲು ನಿಲ್ಲಲ್ಲ.”

ದೊಡ್ಡಮ್ಮ ಕಲ್ಲನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆಳೆದುಕೊಂಡಳು. ನಾನು ಎದ್ದು ಹೊರಗೆ ಹೋದೆ. ನಮ್ಮ ಸೀಮೆಯಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಕಲ್ಲಿಗಿಲ್ಲ. ರಸ್ತೆಯ ಪಕ್ಕ ಬಿದ್ದಿದ್ದ ಒಂದು ಗೊಡ್ಡು ಕಲ್ಲನ್ನು ಹೊತ್ತು ತಂದು ಅವನ ಮುಂದೆ ಹಾಕಿದೆ. ಅವನು ಅದನ್ನು ಬಚ್ಚಲಿಗೆ ಒಯ್ದು, ಬಾಗಿಲಿಗೆ ಕೊಟ್ಟು, ಕಾಲಿನಿಂದ ಎರಡು ಸಲ ಒದ್ದು ನೋಡಿದ.

“ಸೂಪರ್ ಸರ್. ಇದೇ ಇನ್ನೂ ರಸ್ಟಿಕ್ ಆಗಿದೆ. ಅದನ್ನ ನೀವೇ ಇಟ್ಕೊಳ್ಳಿ.”

ಹೀಗೆ ದೊಡ್ಡಮ್ಮನ ಅಣ್ಣ ಬಿಡುಗಡೆಯಾಗಿ ಬಂದು, ತೊಟ್ಟಿಲಲ್ಲಿ ಮಲಗಿ, ಮೈತುಂಬ ಅರಿಸಿನ ಮೆತ್ತಿಸಿಕೊಂಡ. ಅವಳು ತಾನೇ ಹಗ್ಗ ಹಿಡಿದು ತೂಗಿದಳು.

ಒರಳನ್ನು ಮಾತ್ರ ತರಲಾಗಲಿಲ್ಲ, ಸಿಮೆಂಟು ಬಿಡಲಿಲ್ಲ. ಇವತ್ತಿಗೂ ಬೆಳಿಗ್ಗೆ ಹಲ್ಲುಜ್ಜುವಾಗ, ಇದೇ ಹೊತ್ತಿಗೆ ಯಾರೋ ಅದರೊಳಗೆ ಉಗುಳುತ್ತಿರಬಹುದು ಎಂದು ನೆನಪಾಗುತ್ತದೆ. ಬಾಯಲ್ಲಿದ್ದ ನೀರನ್ನು ಎಲ್ಲಿ ಉಗುಳಲೂ ಹೇಸಿಗೆಯಾಗುತ್ತದೆ.