ಬೈರಮಂಗಲದ ನೀರು, ಸೊಸೆಯ ಕೈ

ಬೆಳಗಿನ ಮೈಸೂರು ಬಸ್ಸು ಹತ್ತಿದಾಗ ನನಗೆ ಪತ್ರಿಕೆಯ ಕಚೇರಿಯಲ್ಲಿ ಒಪ್ಪಿಸಿದ್ದ ಕೆಲಸ ಸರಳವಾಗಿತ್ತು. ಹೆದ್ದಾರಿ ಅಗಲವಾದ ಮೇಲೆ ಬಿಡದಿಯಿಂದ ರಾಮನಗರದವರೆಗೆ ಏನೇನು ಬದಲಾಗಿದೆ, ನೋಡಿ ಬರೆಯಬೇಕು. ಎರಡು ದಿನದ ತಿರುಗಾಟ. ಕೆಂಗೇರಿ ಬಳಿ ಕಿಟಕಿಯಿಂದ ದುರ್ವಾಸನೆ ನುಗ್ಗಿತು. ಬೆಂಗಳೂರಿನ ಕೊಳಚೆ ಹೊತ್ತ ನೀರು ಅಲ್ಲಿ ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ. ಬಸ್ಸಿನಲ್ಲಿದ್ದವರು ಮಾತು ನಿಲ್ಲಿಸದೆ ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ವಾಸನೆ ಹಿಂದೆ ಬಿದ್ದಾಗ, ಮಾತು ನಿಲ್ಲಿಸದೆಯೇ ಕೈ ಇಳಿಸಿದರು. ಆ ನೀರು ಮುಂದೆ ಹೋಗಿ ತುಂಬುವುದು ಬೈರಮಂಗಲದ ಕೆರೆಯನ್ನು. ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಹೊಲಕ್ಕೆ.

ಬಿಡದಿಯಲ್ಲಿ ಕಾರ್ಖಾನೆಗಳ ಬಸ್ಸುಗಳು ಸಾಲುಗಟ್ಟಿದ್ದವು. ರಾಗಿ ಹೊಲಗಳಿದ್ದ ಕಡೆ ಉದ್ದನೆಯ ಕಾಂಪೌಂಡು, ಅದರ ಪಕ್ಕದಲ್ಲೇ ‘ಸೈಟು ಮಾರಾಟಕ್ಕಿದೆ’ ಎಂಬ ಬೋರ್ಡು. ಇದನ್ನೆಲ್ಲ ಬರೆದುಕೊಂಡು ರಾಮನಗರದಲ್ಲಿ ಇಳಿದೆ.

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಜೋರಾಗಿತ್ತು. ಹತ್ತಿರದ ಕೈಲಾಂಚ ಊರಿನ ಕಡೆಯ ಗೂಡಿನ ರಾಶಿಯೊಂದರ ಸುತ್ತ ನೂಲು ಬಿಚ್ಚುವ ರೀಲರುಗಳು ಮುತ್ತಿಕೊಂಡಿದ್ದರು. ರಾಶಿಯ ಹಿಂದೆ ಮೂವತ್ತರೊಳಗಿನ ಹೆಂಗಸೊಬ್ಬಳು, ಜೊತೆಗೆ ಅವಳ ತಮ್ಮ. ಅನ್ವರ್ ಸಾಬರೆಂಬ ಹಿರಿಯ ರೀಲರು ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, "ಯಾರಮ್ಮಾ ಸಾಕಿದ್ದು? ಬೆಣಚುಕಲ್ಲು ಇದ್ದಂಗೆ ಐತೆ" ಎಂದರು.

"ನಮ್ಮವ್ವ" ಎಂದಳು ಅವಳು.

ತಮ್ಮ ನಕ್ಕ. "ಸುಳ್ಳು ಸಾಬ್ರೆ. ಅವ್ವ ಮಂಡಿನೋವು ಅಂತ ಮಲಗವ್ಳೆ. ಸೊಪ್ಪು ಹಾಕಿದ್ದು, ಕಸ ತೆಗೆದಿದ್ದು, ಎಲ್ಲಾ ಇವ್ಳೇಯ."

"ಸುಮ್ಕಿರ್ಲಾ" ಎಂದು ಅವಳು ಗದರಿದಳು. ಹೊಗಳಿಕೆ ಕೇಳಿದವಳ ಮುಖವಲ್ಲ, ಸಿಕ್ಕಿಬಿದ್ದವಳ ಮುಖ.

ಬೈರಮಂಗಲದ ಕಡೆಯ ಗೂಡು ಯಾವುದು ಎಂದು ನಾನು ಅನ್ವರ್ ಸಾಬರನ್ನು ಕೇಳಿದೆ. ಅವರು ಮೂಲೆಯ ತೆಳು ರಾಶಿಯೊಂದನ್ನು ತೋರಿಸಿದರು. ಅದರ ಬಳಿ ಯಾರೂ ಇರಲಿಲ್ಲ.

"ಆ ಕಾಲುವೆ ಸಾಲಿನ ಗೂಡು ಬಿಸಿನೀರಿಗೆ ಹಾಕಿದ್ರೆ ಎಳೆ ನಿಲ್ಲಲ್ಲ ಮೇಡಂ, ಪಟಪಟ ಅಂತ ಹರಿಯುತ್ತೆ. ನಾವು ಮುಟ್ಟಲ್ಲ."

"ಬೆಳೆದವರಿಗೆ ಹೇಳಿದ್ದೀರಾ?"

"ನಾನು ಹೇಳಿದ್ರೆ ರೇಟ್ ಇಳಿಸೋಕೆ ನಾಟಕ ಆಡ್ತಾನೆ ಅಂತಾರೆ. ನಂಗ್ಯಾಕೆ?"

ಮಧ್ಯಾಹ್ನ ಬಿಡದಿಗೆ ಹೊರಟ ಬಸ್ಸಿನಲ್ಲಿ ಅದೇ ಹೆಂಗಸು ನನ್ನ ಪಕ್ಕ ಕೂತಳು. ಹೆಸರು ಜಯಮ್ಮ. ಕೈಲಾಂಚ ಅವಳ ತೌರು, ಗಂಡನ ಮನೆ ಬೈರಮಂಗಲದ ಕೆರೆಯ ಕೆಳಗಿನ ಒಂದು ಹಳ್ಳಿ. ಮದುವೆಯಾಗಿ ಆರು ವರ್ಷ, ಈಗ ಒಂದು ತಿಂಗಳಿನಿಂದ ತೌರಿನಲ್ಲೇ ಇದ್ದಳಂತೆ.

ಅದೇಕೆ ಎಂದು ಕೇಳಿದ್ದಕ್ಕೆ ಅವಳು ಮಳೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು. "ನನ್ನ ಕೈಗುಣ ಸರಿಯಿಲ್ಲ ಮೇಡಂ. ನಾನು ಆ ಮನೆಗೆ ಕಾಲಿಟ್ಟಾಗಿಂದ ಹುಳ ನಿಲ್ತಾ ಇಲ್ಲ. ನಾಲ್ಕನೇ ಜ್ವರ ಎದ್ದು, ಇನ್ನೇನು ಗೂಡು ಕಟ್ಬೇಕು ಅನ್ನೋ ಹೊತ್ಗೆ ಕಪ್ಪಗಾಗಿ ಸಾಯ್ತವೆ. ಅದ್ಕೆ ಈ ಸಲ ಎಳೆ ಹುಳ ತರೋ ಮುಂಚೇನೆ ಅತ್ತೆ ನನ್ನ ತೌರಿಗೆ ಕಳಿಸ್ಬುಟ್ರು. ಇವತ್ತು ನಮ್ಮೆಜಮಾನ್ರು ಫೋನ್ ಮಾಡಿ ಬಂದ್ಬುಡು ಅಂದ್ರು. ಹುಳ ಹಣ್ಣಾಗಿ ಚಂದ್ರಿಕೆ ಹತ್ತವೆ ಅನ್ಸುತ್ತೆ."

ಜ್ವರವೆಂದರೆ ಹುಳು ಪೊರೆ ಬಿಡುವ ಹಂತ, ನಾಲ್ಕನೆಯದೇ ಕೊನೆಯದು. ಬಲಿತು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತಾರೆ. ಅಲ್ಲಿಗೆ ಹತ್ತಿದರೆ ಬೆಳೆ ಗೆದ್ದಂತೆ. ಗೆದ್ದರೆ ತನ್ನ ಗತಿಯೇನು ಎಂಬುದೂ ಅವಳಿಗೆ ಗೊತ್ತಿತ್ತು. "ಚೆಂದಾಗಿ ಆದ್ರೆ ಇನ್ಮೇಲೆ ಪ್ರತಿ ಬೆಳೆಗೂ ತೌರಿಗೆ ಹೋಗ್ಬೇಕು. ವರ್ಷದಾಗೆ ಅರ್ಧ ಅಲ್ಲೇ. ತಮ್ಮನ ಹೆಂಡ್ತಿ ಎಷ್ಟು ದಿನ ಸೈಸ್ತಾಳೆ? ಆಗ್ದಿದ್ರೆ..." ಎಂದು ನಿಲ್ಲಿಸಿದಳು.

"ನಿನ್ನ ತೌರಲ್ಲಿ ನಿನ್ನ ಕೈಯಲ್ಲೇ ಅಷ್ಟು ಚೆನ್ನಾಗಿ ಬಂತಲ್ಲ?"

"ಅದು ಅವ್ವನ ಮನೆ ಗುಣ."

ನನಗೆ ಕೋಪ ಬಂತು, ಅವಳ ಮೇಲೂ ಬಂತು. ಮಾರುಕಟ್ಟೆಯ ಮಧ್ಯೆ ಎಲ್ಲರಿಗೂ ಕಂಡ ಕೆಲಸವನ್ನು ಅವಳೊಬ್ಬಳೇ ಅಲ್ಲಗಳೆಯುತ್ತಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಹುಳ ಹೇಗಿದೆ ಎಂದು ಕೇಳಿದರೆ ಗೊತ್ತಿಲ್ಲವೆಂದಳು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ದೃಷ್ಟಿಯಾಗುತ್ತದೆ. ಹುಳ ಹೋದರೆ ಹೇಳಿಕೊಳ್ಳುವಂತಿಲ್ಲ, ಹೇಳಿದರೆ ಮುಂದಿನ ಬೆಳೆಯೂ ಹೋಗುತ್ತದೆ. ಕತ್ತಲಾದ ಮೇಲೆ ತಿಪ್ಪೆಯಲ್ಲಿ ಹೂತು ಸುಮ್ಮನಾಗಬೇಕು.

ಕಾಲುವೆ ನೋಡಬೇಕೆಂದು ನಾನೂ ಅವಳ ಜೊತೆ ಹೊರಟೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬೈರಮಂಗಲದ ಬಸ್ಸು ಹಿಡಿದೆವು. ಏಳೆಂಟು ಕಿಲೋಮೀಟರ್ ದಾರಿ. ಕೆರೆಯ ಕೋಡಿಯ ಕೆಳಗೆ ಬಿಳಿ ನೊರೆ ಆಳೆತ್ತರ ನಿಂತಿತ್ತು, ಗಾಳಿ ಬೀಸಿದಾಗ ತುಂಡು ತುಂಡಾಗಿ ರಸ್ತೆಗೆ ಹಾರುತ್ತಿತ್ತು. ಕಾಲುವೆಯ ನೀರು ಇದ್ದಿಲು ತೊಳೆದ ಬಣ್ಣ. ಅದರ ಎರಡೂ ದಡಕ್ಕೆ ಹಿಪ್ಪುನೇರಳೆ ತೋಟಗಳು, ಕಣ್ಣಿಗೆ ಹಚ್ಚಗೆ, ಸೊಂಪಾಗಿ.

ಜಯಮ್ಮನ ಮನೆಯ ಜಗಲಿಗೆ ಬರುವ ಮೊದಲೇ ವಾಸನೆ ಬಂತು. ಕೊಳೆತ ಹುಳದ ವಾಸನೆ. ಹಿತ್ತಲಲ್ಲಿ ಅವಳ ಗಂಡ ನಂಜೇಗೌಡ ಗುಂಡಿ ತೋಡುತ್ತಿದ್ದ. ಅತ್ತೆ ಲಿಂಗಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಬಂದ್ಬುಡು ಎಂದು ಅವನು ಕರೆದದ್ದು ಸತ್ತ ಹುಳದ ತಟ್ಟೆ ಖಾಲಿ ಮಾಡಲು, ಹುಳದ ಮನೆ ತೊಳೆಯಲು.

ಜಯಮ್ಮ ಚೀಲ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು. "ಅತ್ತೆ, ಈ ಸಲ ನಾನು ಊರಲ್ಲೇ ಇರ್ನಿಲ್ವಲ್ಲ?"

"ಹೋಗೋ ಮುಂಚೆ ಹುಳದ ಮನೆ ಸಾರಿಸಿದ್ದು ಯಾರವ್ವ?"

"ನೀವೇ ಸಾರ್ಸಿದ್ರಿ. ನನ್ನ ಮುಟ್ಟಕ್ಕೇ ಬುಡ್ನಿಲ್ಲ."

ಲಿಂಗಮ್ಮ ಸೋಲಲಿಲ್ಲ. "ಇವ್ನು ದಿನಾ ನಿನ್ನತ್ರ ಫೋನಲ್ಲಿ ಮಾತಾಡಿ, ಅದೇ ಕೈಲಿ ಬಂದು ಸೊಪ್ಪು ಹಾಕ್ತಿದ್ದ."

"ಫೋನ್‌ನಾಗೂ ಹರಿದು ಬತ್ತದಾ ಅತ್ತೆ ನನ್ನ ಕೈಗುಣ?"

ನಂಜೇಗೌಡ ಗುದ್ದಲಿ ನಿಲ್ಲಿಸಿದ. ತಾಯಿಯನ್ನೊಮ್ಮೆ ನೋಡಿದ. ಮತ್ತೆ ಅಗೆಯತೊಡಗಿದ.

ಜಯಮ್ಮ ಒಳಗೆ ನುಗ್ಗಿದಳು, ಆರು ವರ್ಷದಲ್ಲಿ ಹಾಗೆ ನುಗ್ಗಿದ್ದು ಅದೇ ಮೊದಲಿರಬೇಕು. ಕಪ್ಪಗೆ ಜೋತುಬಿದ್ದ ಹುಳುಗಳಿದ್ದ ದೊಡ್ಡ ತಟ್ಟೆಯೊಂದನ್ನು ಎತ್ತಿಕೊಂಡು ಬೀದಿಗಿಳಿದಳು. "ಏಯ್, ಎಲ್ಲಿಗೇ? ಬೆಳಕೈತೆ, ಜನ ನೋಡ್ತಾರೆ!" ಎಂದು ಲಿಂಗಮ್ಮ ಕೂಗುತ್ತಾ ಹಿಂದೆ ಓಡಿದರು. ನಾನೂ ಹೋದೆ.

ಸಂಜೆಯ ಹಾಲು ಅಳೆಯುವ ಹೊತ್ತು. ಡೈರಿಯ ಮುಂದೆ ಹೆಂಗಸರು, ಗಂಡಸರು ಕ್ಯಾನು ಹಿಡಿದು ನಿಂತಿದ್ದರು. ಜಯಮ್ಮ ತಟ್ಟೆಯನ್ನು ಡೈರಿಯ ಜಗಲಿಯ ಮೇಲೆ ಇಟ್ಟಳು.

"ನಮ್ಮನೆ ಹುಳ. ನಾನು ತೌರಲ್ಲಿದ್ದೆ, ಎಲ್ರಿಗೂ ಗೊತ್ತು. ಆದ್ರೂ ಸತ್ತವೆ. ಯಾರ ಮನೇಲಿ ಸತ್ತಿಲ್ಲ, ಹೇಳಿ ನೋಡಾನ."

"ಮುಚ್ಚವ್ವ ಅದ್ನ, ಹಾಲು ಒಡೆದೋಯ್ತದೆ" ಎಂದ ಒಬ್ಬ. ಯಾರೂ ನಗಲಿಲ್ಲ.

ಮೊದಲು ಬಾಯಿ ಬಿಟ್ಟವಳು ಸರೋಜ ಎಂಬಾಕೆ. ತಮ್ಮ ಮನೆಯಲ್ಲೂ ಮೊನ್ನೆ ಹೂತರಂತೆ, ಪಕ್ಕದ ಮನೆಯ ಗೌರಮ್ಮನ ಕಣ್ಣು ಬಿದ್ದು. ಗೌರಮ್ಮ ಎರಡು ಹೆಜ್ಜೆ ಆಚೆ ನಿಂತಿದ್ದಳು. "ಯಾರ ಕಣ್ಣೇ? ನಂದೇ ಎರಡು ಬೆಳೆ ಹೋಗವೆ! ನೀನೇ ಮಾಟ ಮಾಡ್ಸಿದ್ದೀಯ ಅಂತ ನಾನು ನಿಂಬೆಹಣ್ಣು ಕಟ್ಟಿವ್ನಿ ಬಾಗಿಲಿಗೆ." ಈಗ ನಗು ಬಂತು, ಬಂದಷ್ಟೇ ಬೇಗ ನಿಂತಿತು. ಇನ್ನೊಬ್ಬರ ಮನೆಯಲ್ಲಿ ಹರಕೆ ತೀರಿಸದ ದೋಷ. ಮತ್ತೊಬ್ಬರ ಮನೆಯಲ್ಲಿ ಮೂಲಾ ನಕ್ಷತ್ರದ ಸೊಸೆ. ಕಾಲುವೆಯ ಸಾಲಿನ ಒಂದೊಂದು ಮನೆಯೂ ಒಂದೊಂದು ಕಥೆ ಕಟ್ಟಿಕೊಂಡು, ಬಾಗಿಲು ಹಾಕಿಕೊಂಡು, ಒಂದೇ ಸಾವನ್ನು ಬೇರೆ ಬೇರೆ ತಿಪ್ಪೆಯಲ್ಲಿ ಹೂಳುತ್ತಿತ್ತು.

ಕೆಂಪಮ್ಮ ಎಂಬ ಮುದುಕಿ ಹಿಂದೆ ನಿಂತಿದ್ದರು. ಊರಿನಲ್ಲಿ ಅವರದೇ ಒಳ್ಳೆಯ ಕೈ. ಎಳೆ ಹುಳ ತಂದ ದಿನ ಮೊದಲ ಹಿಡಿ ಸೊಪ್ಪು ಹಾಕಲು ಎಲ್ಲ ಮನೆಗೂ ಅವರನ್ನೇ ಎಲೆ ಅಡಿಕೆ ಕೊಟ್ಟು ಕರೆಯುತ್ತಾರೆ. ಲಿಂಗಮ್ಮ ಕಡೆಯ ಆಸರೆಗೆಂಬಂತೆ ಅವರತ್ತ ತಿರುಗಿದರು. "ನಿಮ್ಮನೇಲಿ ಆಗವೆ ಅಲ್ವಾ ಕೆಂಪಮ್ಮಕ್ಕ? ಹೇಳಿ ಇವ್ಳಿಗೆ."

ಕೆಂಪಮ್ಮ ಕ್ಯಾನಿನ ಮುಚ್ಚಳ ತಿರುವುತ್ತಿದ್ದರು. "ನಾಲ್ಕು ಬೆಳೆ ಆಯ್ತು ಲಿಂಗಮ್ಮ, ಒಂದು ಗೂಡು ಕಂಡಿಲ್ಲ. ಹೇಳಿದ್ರೆ ಯಾರು ಕರೀತೀರಿ ನನ್ನ?"

ಆಮೇಲೆ ಮಾತೆಲ್ಲ ನೀರಿನ ಕಡೆ ತಿರುಗಿತು. ಸೊಪ್ಪು ತಿಂದ ಗಬ್ಬದ ಮೇಕೆ ಕಂದು ಹಾಕಿದ್ದು, ಕಾಲುವೆಗಿಳಿದವರ ಕಾಲಿಗೆ ಕಜ್ಜಿಯಾದದ್ದು. ನೀರೇ ಕಾರಣವೆಂದು ಬರೆಯುವಷ್ಟು ಪುರಾವೆ ನನ್ನ ಬಳಿ ಇಲ್ಲ. ಅದನ್ನು ಪರೀಕ್ಷೆ ಮಾಡಬೇಕು. ಕೊಳವೆಬಾವಿಯ ನೀರಿನಲ್ಲಿ ಬೆಳೆದ ಸೊಪ್ಪು ಹಾಕುವ ಮೇಲಿನ ಕೇರಿಯಲ್ಲಿ ಬೆಳೆ ನಿಂತಿದೆ ಎಂಬುದನ್ನು ಮಾತ್ರ ಅಲ್ಲಿದ್ದ ಇಬ್ಬರು ಮೇಲಿನ ಕೇರಿಯವರೇ ಹೇಳಿದರು. ಮೂಗು ಮುಚ್ಚಿಕೊಂಡು ನೀರು ಕೆಳಗೆ ಬಿಟ್ಟ ನಗರ, ಕಂಡೂ ಕಾಣದ ಸರ್ಕಾರಿ ಕಚೇರಿ, ಗೊತ್ತಿದ್ದೂ ಹೇಳದ ವ್ಯಾಪಾರ. ಇವರ್‍ಯಾರೂ ಇಲ್ಲಿಗೆ ಬಂದು ಉತ್ತರ ಹೇಳಬೇಕಾಗಿರಲಿಲ್ಲ. ಆರು ವರ್ಷ ಉತ್ತರ ಹೇಳಿದ್ದು ಜಯಮ್ಮನ ಕೈ.

ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟರು. "ಬೆಂಗ್ಳೂರು ಬೆಳೀಬೇಕು, ನೀರು ಎಲ್ಲಿಗಾದ್ರೂ ಹೋಗ್ಬೇಕು. ನಮ್ಮ ಹಣೇಬರ."

ಜಯಮ್ಮ ಸಿಡಿದಳು. "ಇಷ್ಟು ದಿನ ನನ್ನ ಕೈ ಆಯ್ತು, ಈಗ ನಿಮ್ಮ ಹಣೆಯಾ ಮಾವ? ಇನ್ನೆಷ್ಟು ಬೆಳೆ ಹೂಳ್ಬೇಕು ಇದ್ನ ಹೇಳ್ಕಂಡು?"

ಕೊನೆಯ ಬಸ್ಸು ಹೋಗಿಯಾಗಿತ್ತು. ಲಿಂಗಮ್ಮನ ಮನೆಯಲ್ಲಿ ಮುದ್ದೆ, ಬಸ್ಸಾರು ಉಂಡು ಜಗಲಿಯಲ್ಲಿ ಮಲಗಿದೆ. ಒಳಗೆ ಅತ್ತೆ ಸೊಸೆ ಮಾತಾಡಿದ್ದು ಕೇಳಲಿಲ್ಲ. ತಪ್ಪಾಯ್ತು ಎಂದು ಲಿಂಗಮ್ಮ ಹೇಳಿದ್ದರೆ ನನಗೆ ಗೊತ್ತಿಲ್ಲ, ಹೇಳಿರಲಾರರು.

ಬೆಳಿಗ್ಗೆ ಬಸ್ಸಿಗೆ ಬಂದಾಗ ಕಾಲುವೆ ಸಾಲಿನ ಹೆಂಗಸರು ಏಳೆಂಟು ಮಂದಿ ನಿಂತಿದ್ದರು. ರಾಮನಗರದ ರೇಷ್ಮೆ ಕಚೇರಿಗೆ ಹೊರಟಿದ್ದರು. ಬಸ್ಸು ಹತ್ತಿ ಕೂತಾಗ ಜಯಮ್ಮನ ತೊಡೆಯ ಮೇಲೆ ಗೋಣಿ ಮುಚ್ಚಿದ ತಟ್ಟೆ, ಗೌರಮ್ಮನ ಕೈಯಲ್ಲಿ ಕಾಲುವೆ ನೀರಿನ ಬಾಟಲಿ. ಕಂಡಕ್ಟರ್ ಮೂಗು ಮುರಿದ. "ಏನಮ್ಮ ಇದು ಗಬ್ಬು? ಇಳಿಸಮ್ಮ ಕೆಳಕ್ಕೆ."

ಜಯಮ್ಮ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಲಿಂಗಮ್ಮ ಎದ್ದರು. "ನನ್ನ ಸೊಸೆ ಹಿಡ್ಕಂಡಿರೋದು ಊರ ಹುಳ ಕಣಪ್ಪ. ಮುಟ್ಟು ನೋಡಾನ. ಬೇಕಾದ್ರೆ ಅದಕ್ಕೂ ಒಂದು ಟಿಕೆಟ್ ಹರಿ."

ಕಂಡಕ್ಟರ್ ಸೀಟಿ ಊದಿದ. ಬಿಡದಿಯಲ್ಲಿ ನಾನಿಳಿದು, ರಸ್ತೆ ದಾಟಿ ಬೆಂಗಳೂರಿನ ಬಸ್ಸಿಗೆ ಕಾದು ನಿಂತೆ. ಕಾರ್ಖಾನೆಯ ಬಸ್ಸುಗಳ ಮಧ್ಯೆ ಅವರ ಬಸ್ಸು ದಾರಿಗಾಗಿ ಹಾರನ್ ಹೊಡೆಯುತ್ತಾ ರಾಮನಗರದ ಕಡೆಗೆ ತಿರುಗಿತು. ಎಲ್ಲ ಕಿಟಕಿಗಳೂ ತೆರೆದಿದ್ದವು. ಒಳಗಿನಿಂದ ಲಿಂಗಮ್ಮನ ದನಿ ಇನ್ನೂ ಕೇಳುತ್ತಿತ್ತು, ಕಂಡಕ್ಟರನನ್ನು ಬೈಯುತ್ತಲೇ ಇದ್ದರು.