ಚಕ್ರವರ್ತಿಯ ಮಾತು, ಮೋಟಾರ್ ರೂಮಿನ ಬೀಗದ ಕೈ

ಆ ವರ್ಷ ಬೇಸಿಗೆ ಬಲಿಯುವ ಮೊದಲು ನನಗಿದ್ದ ಆಸೆ ಒಂದೇ: ಮೋಟಾರ್ ರೂಮಿನ ಬೀಗದ ಕೈಯನ್ನು ಯಾರಿಗಾದರೂ ದಾಟಿಸಿಬಿಡುವುದು.

ಮದ್ರಾಸಿನ ತಾಂಬರಂನಲ್ಲಿ ನಾವಿದ್ದ ಫ್ಲ್ಯಾಟುಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಆರಿಸಿದ್ದು ನಾನಿಲ್ಲದ ಸಭೆಯಲ್ಲಿ. ಅವತ್ತು ಸಂಘದ ಕೆಲಸಕ್ಕೇ, ಸಂಪಿನ ಮೋಟಾರಿಗೆ ಒಂದು ವಾಲ್ವ್ ತರಲು ಪ್ಯಾರೀಸ್ ಕಾರ್ನರ್ ಪೇಟೆಗೆ ಹೋಗಿದ್ದೆ. ವಾಲ್ವ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವನ ಇನ್ನೊಂದು ಕೈಗೆ ಬೀಗದ ಕೈ ಇಟ್ಟು ಅಭಿನಂದಿಸಿದರು. ನಾನೋ, ಬಾಗಿಲು ಹಾಕಿ ಬಸ್‌ಸ್ಟಾಪಿನವರೆಗೆ ಬಂದಮೇಲೆ ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ಹಿಂದಿರುಗಿ ಓಡುವ ಜಾತಿಯವನು. ಈಗ ಆಫೀಸಿನಲ್ಲಿ ವಿಮೆಯ ಫೈಲು ಬಿಚ್ಚಿದರೆ ಸಾಕು, ನೀರಿಲ್ಲದ ಸಂಪಿನಲ್ಲಿ ಮೋಟಾರು ಒಣಗಿ ಓಡುವ ಸದ್ದು ಕಿವಿಯಲ್ಲಿ ಏಳುತ್ತಿತ್ತು. ಮನೆಗೆ ಫೋನು ಮಾಡುತ್ತಿದ್ದೆ.

"ಮೋಟಾರ್ ಆಫ್ ಆಗಿದೆ," ಎನ್ನುತ್ತಿದ್ದಳು ಹೆಂಡತಿ. "ನೀವೂ ಸ್ವಲ್ಪ ಆಫ್ ಆಗಿ."

ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ಬೋರ್‌ವೆಲ್ ಆಗಲೇ ಕೆಮ್ಮುತ್ತಿತ್ತು. ಇನ್ನೇನು ನೀರಿನ ಲಾರಿಗೆ ಕಾಯುವ ದಿನಗಳು ಬರುತ್ತವೆ, ಅಷ್ಟರೊಳಗೆ ಒಂದು ಸಭೆ ಕರೆದು ರಾಜೀನಾಮೆ ಕೊಡಬೇಕು. ಆದರೆ ಬರೀ ಸಭೆ ಎಂದರೆ ಯಾರೂ ಬರುವುದಿಲ್ಲ. ಆಗ ಉಪಾಯ ಹೇಳಿದವರು ಕೆಳಮನೆಯ ಮೇಷ್ಟ್ರು. ಚರಿತ್ರೆ ಪಾಠ ಹೇಳಿ ನಿವೃತ್ತರಾದ ತಮಿಳರು. ಚೈತ್ರದ ಅಷ್ಟಮಿ ಅಶೋಕ ಚಕ್ರವರ್ತಿ ಹುಟ್ಟಿದ ದಿನವೆಂದು ಕೆಲವರು ಆಚರಿಸುತ್ತಾರೆ, ನಾವೂ ಅಶೋಕ ಜಯಂತಿ ಮಾಡೋಣ, ಅದರಲ್ಲೇ ಸಭೆಯನ್ನೂ ಸೇರಿಸಿಬಿಡಿ ಎಂದರು. ಯಾವ ಹಬ್ಬ ಮಾಡಿದರೂ ಒಂದು ಮನೆಯವರಾದರೂ ಮುನಿಸಿಕೊಳ್ಳುತ್ತಿದ್ದ ನಮ್ಮ ಕಟ್ಟಡದಲ್ಲಿ ಈ ಚಕ್ರವರ್ತಿಗೆ ಭಕ್ತರೂ ಇರಲಿಲ್ಲ, ವೈರಿಗಳೂ ಇರಲಿಲ್ಲ. ಎಲ್ಲರೂ ಒಪ್ಪಿದರು.

ಎರಡನೇ ಮಹಡಿಯ ಅಜ್ಜಿ ಮಾತ್ರ ಸ್ವಲ್ಪ ಯೋಚಿಸಿದರು. ಅವರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದು ಮಾತಿಗೆ ತಮಿಳು ಬೆರೆತ ಕನ್ನಡದ ಮನೆ. "ಮರುದಿನ ರಾಮನವಮಿ ಅಲ್ವೇನಪ್ಪಾ? ಕೋಸಂಬರಿಗೆ ಎಪ್ಪಡಿಯೂ, ಹೇಗಿದ್ರೂ, ಬೇಳೆ ನೆನೆಹಾಕಬೇಕು. ಇವನಿಗೂ ಎರಡು ಹಿಡಿ ಜಾಸ್ತಿ ಹಾಕಿದ್ರಾಯ್ತು," ಎಂದರು.

ನನ್ನ ಭಾಷಣದ ಲೆಕ್ಕಾಚಾರ ಸರಳವಾಗಿತ್ತು. ಕಳಿಂಗದ ಯುದ್ಧ, ಹೆಣಗಳ ರಾಶಿ, ಚಕ್ರವರ್ತಿಯ ಪಶ್ಚಾತ್ತಾಪ, ಖಡ್ಗ ತ್ಯಾಗ. ಅಲ್ಲಿ ಒಂದು ಕ್ಷಣ ನಿಲ್ಲಿಸಿ, ಜೇಬಿನಿಂದ ಬೀಗದ ಕೈ ತೆಗೆದು, ನಾನೂ ಇದನ್ನು ತ್ಯಜಿಸುತ್ತೇನೆ ಎನ್ನುವುದು. ಕನ್ನಡಿಯ ಮುಂದೆ ತಮಿಳಿನಲ್ಲಿ ಅಭ್ಯಾಸ ಮಾಡಿದೆ. ನನ್ನ ತಮಿಳು ಪಾಲಿಸಿ ಮಾರಿ ಕಲಿತದ್ದು. ಒಳಗಿನಿಂದ ಮಗಳು ಕೇಳಿದಳು, "ಅಪ್ಪಾ, ಅಶೋಕರುಕ್ಕು ಪ್ರೀಮಿಯಂ ಎವ್ವಳವು?" ಅಶೋಕನಿಗೆ ಪ್ರೀಮಿಯಂ ಎಷ್ಟಂತೆ!

ಆ ಸಂಜೆ ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಮೇಷ್ಟ್ರು ಎಲ್ಲಿಂದಲೋ ತಂದು ಗೋಡೆಗೆ ಅಂಟಿಸಿದ ಸಿಂಹಗಳ ಚಿತ್ರ, ಕೋಸಂಬರಿಯ ಪಾತ್ರೆ. ಮೈಕು ಕೂಗಿದರೆ ಏನು ಗತಿ, ಮಧ್ಯದಲ್ಲಿ ಕರೆಂಟು ಹೋದರೆ ಏನು ಗತಿ ಎಂದು ಹೆದರಿಕೊಂಡೇ ನಿಂತೆ. ಯಾವುದೂ ಆಗಲಿಲ್ಲ. ಅದಕ್ಕಿಂತ ದೊಡ್ಡ ಅನಾಹುತವಾಯಿತು: ಜನ ಕೇಳತೊಡಗಿದರು. ಕಳಿಂಗಕ್ಕೆ ಬರುವಷ್ಟರಲ್ಲಿ ಮೂರನೇ ಮಹಡಿಯವರು ಕಡಲೆ ಅಗಿಯುವುದನ್ನು ನಿಲ್ಲಿಸಿದ್ದರು. ನನ್ನ ಮಾತಿಗೆ ಯಾರಾದರೂ ಅಗಿಯುವುದು ನಿಲ್ಲಿಸಿದ್ದು ಅದೇ ಮೊದಲು. ತಲೆ ತಿರುಗಿತು. ಈಗಲೇ ಮುಗಿಸಿಬಿಡಲು ಮನಸ್ಸಾಗದೆ, ಮೇಷ್ಟ್ರು ಹೇಳಿದ್ದ ಇನ್ನೊಂದು ಸಂಗತಿಯನ್ನೂ ಎಳೆದು ತಂದೆ. ಆ ಮಹಾರಾಯ ಬಂಡೆಯ ಮೇಲೆ ಕೆತ್ತಿಸಿದ್ದನಂತೆ: ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಅಹವಾಲನ್ನು ಯಾವ ಹೊತ್ತಿನಲ್ಲಾದರೂ ತನಗೆ ಮುಟ್ಟಿಸಬಹುದು ಎಂದು.

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ಅಜ್ಜಿ ಕೇಳಿದರು, "ಏನಪ್ಪಾ, ನೀನೂ ಹಂಗೇನಾ? ಎಪ್ಪೊ ಬೇಕಾದ್ರೂ ಬರಬಹುದಾ?"

ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? "ಖಂಡಿತ ಬನ್ನಿ ಅಜ್ಜಿ. ನಾನೂ ಅವನ ಹಾಗೇ," ಎಂದೆ.

ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರು. ಆ ಗದ್ದಲದಲ್ಲಿ ನಾನು ಕೈಮುಗಿದು ಕೂತುಬಿಟ್ಟೆ. ಬೀಗದ ಕೈ ಜೇಬಿನಲ್ಲೇ ಉಳಿಯಿತು. ಕೆಳಗಿಳಿಯುವಾಗ ಹೆಂಡತಿ, "ಖಡ್ಗ ಎಲ್ಲಿ ಬಿಟ್ರಿ?" ಎಂದಳು.

ಪ್ರಜೆಗಳು ಮರುದಿನವೇ ಶುರುವಿಟ್ಟುಕೊಂಡರು. ಹಲ್ಲುಜ್ಜುವಾಗ ಬಂದರು. ಊಟಕ್ಕೆ ಕೂತಾಗ ಬಂದರು. ನಾನು ಸ್ನಾನ ಮಾಡುತ್ತಿದ್ದರೆ ಬಚ್ಚಲಿನ ಕಿಟಕಿಯ ಆಚೆಯಿಂದ, "ಸಾರ್, ನಮ್ಮನೇಲಿ ಬರ್ತಿಲ್ಲ, ನಿಮಗೆ ಬರ್ತಿದೆ ಅನ್ಸುತ್ತೆ," ಎಂಬ ದನಿ. ಎಲೆಕ್ಟ್ರಿಕ್ ಟ್ರೈನಿನಲ್ಲಿ ಸರಳಿಗೆ ಜೋತು ನಿಂತಿದ್ದಾಗ ನಾಲ್ಕು ತಲೆಗಳ ಆಚೆಯಿಂದ ನಮ್ಮ ಕಟ್ಟಡದವರೊಬ್ಬರು ಓವರ್‌ಹೆಡ್ ಟ್ಯಾಂಕಿನ ಪಾಚಿಯ ವಿಷಯ ಕೂಗಿ ಹೇಳಿದರು. ಇಡೀ ಬೋಗಿ ನನ್ನನ್ನು ಪಾಚಿಯ ಹೊಣೆಗಾರನಂತೆ ನೋಡಿತು.

"ಚಕ್ರವರ್ತಿಗಳೇ, ಯಾರೋ ಬಂದಿದ್ದಾರೆ. ಮೊಸರನ್ನ ಮುಚ್ಚಿಡ್ತೀನಿ," ಎನ್ನುವುದು ಹೆಂಡತಿಗೆ ರೂಢಿಯಾಯಿತು.

ಮೇಷ್ಟ್ರ ಹತ್ತಿರ ಗೋಳು ತೋಡಿಕೊಂಡೆ. ಅವರು ಸಮಾಧಾನ ಹೇಳಿದರು: "ಅವನು ಬಂಡೆ ಮೇಲೆ ಕೆತ್ತಿಸಿದ ಸಾರ್. ನೀವು ಬರೀ ಬಾಯಲ್ಲಿ ಹೇಳಿದ್ದು. ಹೇಳೇ ಇಲ್ಲ ಅಂದುಬಿಡಿ."

"ಆ ಅಜ್ಜಿ ನೆನಪು ಬಂಡೆಗಿಂತ ಗಟ್ಟಿ," ಎಂದಳು ಹೆಂಡತಿ.

ಮೇ ತಿಂಗಳ ಬೇಗೆಯಲ್ಲಿ ದೇವರು ಕಣ್ಣುಬಿಟ್ಟ. ಮೂರನೇ ಮಹಡಿಗೆ ಬ್ಯಾಂಕಿನ ಅಧಿಕಾರಿಯೊಬ್ಬಳು ಬಾಡಿಗೆಗೆ ಬಂದಳು. ಇನ್ನೂ ಮೂವತ್ತಾಗದ ಹುಡುಗಿ. ಮೆಟ್ಟಿಲ ಮೇಲೆ ನನ್ನ ಮುಖ ನೋಡಿ, "ಇದಕ್ಕೆಲ್ಲ ಒಂದು ಸಿಸ್ಟಮ್ ಬೇಕು ಅಂಕಲ್. ನಾನು ನೋಡ್ಕೊಳ್ತೀನಿ, ಕೊಡಿ," ಎಂದಳು. ಅಂಕಲ್ ಎಂದದ್ದನ್ನೂ ಕ್ಷಮಿಸಿ, ಅವಳು ಮನಸ್ಸು ಬದಲಾಯಿಸುವ ಮೊದಲೇ ಬೀಗದ ಕೈ ಅವಳ ಅಂಗೈಗೆ ಹಾಕಿದೆ. ಭಾಷಣವಿಲ್ಲ, ಕಳಿಂಗವಿಲ್ಲ. ಅವಳು ಬಾಗಿಲಿಗೆ ಬೋರ್ಡು ತೂಗುಹಾಕಿದಳು: ದೂರುಗಳಿಗೆ ಸಂಜೆ ಆರರಿಂದ ಏಳು. ಇಷ್ಟು ಸರಳವಾದ ಉಪಾಯ ನನಗೂ ಹೊಳೆಯಲಿಲ್ಲ, ಚಕ್ರವರ್ತಿಗೂ ಹೊಳೆದಿರಲಿಲ್ಲ.

ಆ ರಾತ್ರಿ ನಿಶ್ಚಿಂತೆಯಿಂದ ಮೊಸರನ್ನಕ್ಕೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡು ಕೂತೆ. ಮೊದಲ ತುತ್ತಿಗೇ ಯಾರೋ ಬಾಗಿಲು ಬಡಿದರು. ಖಾಲಿ ಬಕೆಟ್ ಹಿಡಿದು ಅಜ್ಜಿ ನಿಂತಿದ್ದರು.

"ನಲ್ಲೀಲಿ ಒಂದು ಸೊಟ್ಟು ನೀರಿಲ್ಲ ಕಣಪ್ಪಾ, ಒಂದು ಹನಿ ಇಲ್ಲ."

"ಈಗ ಕಾರ್ಯದರ್ಶಿ ನಾನಲ್ಲ ಅಜ್ಜಿ, ಮೇಲಿನ ಹುಡುಗಿ."

"ಹೋಗಿದ್ದೆ. ಟೈಮ್ ಮುಗೀತು, ನಾಳೆ ಬಾ ಅಂತಾಳೆ. ಅವಳಿಗೆ ಟೈಮ್ ಇದೆ. ನಿನಗೆ ಇಲ್ವಲ್ಲ."

"ನನಗೆ ಆ ಕೆಲಸವೇ ಇಲ್ಲ ಅಜ್ಜಿ."

"ಅವತ್ತು ನೀನು ಕಾರ್ಯದರ್ಶಿ ಥರ ಅಂದ್ಯಾ? ಅವನ ಥರ ಅಂತ ತಾನೇ ಅಂದಿದ್ದು?" ಎಂದು ಗೋಡೆಗೆ ಒರಗಿ ನಿಂತರು, ಕಾಯುವವರ ಹಾಗೆ.

ಒಳಗಿನಿಂದ ಹೆಂಡತಿ ತಟ್ಟೆಗೆ ಮುಚ್ಚಳ ಇಡುವ ಸದ್ದು ಕೇಳಿತು.

ಕೈಯಲ್ಲಿ ಕೀ ಇಲ್ಲದ ಚಕ್ರವರ್ತಿ ಏನು ಮಾಡಬಹುದು? ಅಡಿಗೆಮನೆಯ ಡ್ರಮ್ಮಿನಲ್ಲಿ ನಾವು ಕೂಡಿಟ್ಟಿದ್ದ ನೀರನ್ನು ಅವರ ಬಕೆಟ್ಟಿಗೆ ಮೊಗೆದು, ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದೆ. ಅಜ್ಜಿ ಹಿಂದಿನಿಂದ, "ತುಳುಕಿಸಬೇಡಪ್ಪಾ, ಮೆದುವಾಗಿ," ಎನ್ನುತ್ತಾ ಬಂದರು. ಎರಡನೇ ಮಹಡಿ ಮುಟ್ಟಿ ಬಕೆಟ್ ಇಳಿಸಿದ್ದೇ ತಡ, ಡ್ರಮ್ಮಿಗೆ ಮುಚ್ಚಳ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿಕೊಂಡಿತು.