ಅಮ್ಮನಿಗೆ ಬಿದ್ದ ಎರಡು ನಮಸ್ಕಾರ

ಹೊರದೇಶದ ಕೆಲಸಗಾರರನ್ನು ಒದಗಿಸುವ ಕಚೇರಿಯವರು ಮೂರು ಜನರ ಕಾಗದಗಳನ್ನು ಮುಂದಿಟ್ಟು ಒಬ್ಬನನ್ನು ಆರಿಸಿಕೋ ಅಂದರು. ಎರಡನೆಯದರ ಫೋಟೊ ನೋಡಿ ನನ್ನ ಕೈ ಅಲ್ಲೇ ನಿಂತಿತು. ಪದಮ್ ಘಲೆ. ನೇಪಾಳದ ಬೆಟ್ಟದವನು. ಒಂಬತ್ತು ವರ್ಷದ ಹಿಂದೆ ವೀಸಾ ಮುಗಿದು ನನ್ನ ಶೆಡ್ಡಿನಿಂದ ಹೋದವನು. ನೆತ್ತಿಯ ಕೂದಲು ಹೋಗಿತ್ತು, ಕಣ್ಣು ಅದೇ. ಒಮ್ಮೆ ನನ್ನ ಕೈಕೆಳಗೆ ಬೆಂದವನು ಮತ್ತೆ ಬರುತ್ತಾನೆಂದರೆ ಇವನ ತಲೆ ನೆಟ್ಟಗಿದೆಯೇ ಎಂದುಕೊಂಡೆ. ಉಳಿದ ಎರಡು ಕಾಗದ ತೆರೆದೂ ನೋಡದೆ ಸಹಿ ಹಾಕಿದೆ.

ದಕ್ಷಿಣ ಕೊರಿಯಾದ ನಾಮ್ಹೆ ದ್ವೀಪದಲ್ಲಿ ನಮ್ಮದು ಮೀನು ಬೇಯಿಸಿ ಒಣಗಿಸುವ ಶೆಡ್. ಬೆರಳುದ್ದದ ಮೀನು. ದೋಣಿ ಬಂದ ಗಳಿಗೆಯಲ್ಲೇ ಉಪ್ಪುನೀರಿನ ಕೊಪ್ಪರಿಗೆಗೆ ಇಳಿಸಬೇಕು, ತಡವಾದರೆ ಹೊಟ್ಟೆ ಒಡೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಆ ಹಬೆಯ ಮುಂದೆ ನಿಂತು ನೊರೆ ತೆಗೆಯುವುದಕ್ಕೆ ನಮ್ಮೂರಿನ ಒಬ್ಬನೂ ಬರುವುದಿಲ್ಲ.

ಮೊದಲ ಸಲ ಬಂದಾಗ ಪದಮ್‌ಗೆ ಇಪ್ಪತ್ನಾಲ್ಕು. ಸಮುದ್ರವನ್ನೇ ಕಂಡವನಲ್ಲ. ಮೀನಿನ ವಾಸನೆಗೆ ಮೂರು ಸಲ ವಾಂತಿ ಮಾಡಿದ. ನಾನು ಬೈದೆ. ಬೈಯುವುದರಲ್ಲಿ ನಾನೇನು ಕಡಿಮೆಯಲ್ಲ. ಒಂದು ದಿನ ನೊರೆ ತೆಗೆಯುವ ಸೌಟನ್ನೇ ಬೀಸಿ ಎಸೆದಿದ್ದೇನೆ, ಅವನ ಹುಬ್ಬಿನ ಮೇಲೆ ಗುರುತು ಇನ್ನೂ ಇದೆ. ಅಮ್ಮ ಗಂಜಿ ಕಾಸಿ ಕುಡಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ಅಮ್ಮ ಹಾಕಿದ ಖಾರದ ಕೋಸಿನ ಕಿಮ್ಚಿ ಇಲ್ಲದೆ ಅವನಿಗೆ ಅನ್ನ ಇಳಿಯದಾಯಿತು. ನೀರಿಗೆ ಉಪ್ಪು ಎಷ್ಟು ಬೇಕೆಂದು ನಾಲಿಗೆಯ ಮೇಲೆ ಒಂದು ಹನಿ ಇಟ್ಟು ಹೇಳುವುದನ್ನೂ ಅಮ್ಮನಿಂದಲೇ ಕಲಿತ. ನನಗೆ ಇವತ್ತಿಗೂ ಅದು ಬರುವುದಿಲ್ಲ. ಅಪ್ಪ ತೀರಿಕೊಂಡಾಗ ಮೂರು ದಿನವೂ ಬಂದವರಿಗೆಲ್ಲ ಬಿಸಿ ಸಾರು ಹೊತ್ತು ಬಡಿಸಿದವನು ಅವನೇ.

ಅವನು ಬರುವ ದಿನ ಅಮ್ಮ ಬೆಳಗಿನಿಂದ ಮರದ ಜಗಲಿಯ ಮೇಲೆ ಕೂತಿದ್ದಳು. ಎಂಬತ್ತೊಂದು ವಯಸ್ಸು. ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಪಕ್ಕದಲ್ಲಿ ಅಪ್ಪನ ತಂಗಿ, ನಮ್ಮತ್ತೆ, ಒಣಮೀನು ಆರಿಸುತ್ತಿದ್ದಳು. ಪದಮ್ ಚೀಲ ಇಳಿಸಿ, ಅಮ್ಮನ ಕೈ ಹಿಡಿದು, ತನ್ನ ಕಥೆ ಹೇಳಿದ. ಊರಿನ ಬಸ್ಸಿನ ದಾರಿಯಲ್ಲಿ ಹೋಟೆಲ್ ಇಟ್ಟಿದ್ದನಂತೆ, ಅಲ್ಲಿ ಎಲ್ಲರೂ ಅವನನ್ನು ಕೊರಿಯಾದವನು ಎಂದೇ ಕರೆಯುತ್ತಿದ್ದರಂತೆ. ಮೂವತ್ತೊಂಬತ್ತು ದಾಟಿದರೆ ಮತ್ತೆ ಬರಲು ಬಿಡುವುದಿಲ್ಲ. ಅವನಿಗೆ ಮೂವತ್ತೆಂಟು. ಇದು ತಪ್ಪಿದರೆ ಇನ್ನಿಲ್ಲವೆಂದು ಕೂತು ಓದಿ ಕೊರಿಯನ್ ಭಾಷೆಯ ಪರೀಕ್ಷೆ ಪಾಸು ಮಾಡಿದನಂತೆ. ಯಾಕೆ ಬಂದೆಯೋ ಅಂದೆ.

"ಅಲ್ಲಿ ಬೆಳಿಗ್ಗೆ ಎದ್ರೆ ಬಯ್ಯೋರೇ ಇಲ್ಲ ಯಜಮಾನ್ರೇ. ನಿದ್ದೆನೇ ಬಿಡಲ್ಲ."

ಅಮ್ಮ ನಕ್ಕಳು. ಅಷ್ಟರಲ್ಲಿ ಅವನು ಎರಡು ಹೆಜ್ಜೆ ಹಿಂದೆ ಸರಿದು ಅಂಗಿ ಸರಿಮಾಡಿಕೊಂಡು ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದ. ಅಮ್ಮನ ಕಣ್ಣು ತುಂಬಿತು. ಎದ್ದು ನಿಂತ. ಮತ್ತೆ ಮಂಡಿಯೂರಿದ.

ಅತ್ತೆಯ ಮಡಿಲಿನ ಮೀನಿನ ಬುಟ್ಟಿ ಉರುಳಿತು. ನಮ್ಮಲ್ಲಿ ಬದುಕಿರುವವರಿಗೆ ಒಂದು ನಮಸ್ಕಾರ. ಎರಡು ಹಾಕುವುದು ಹೆಣಕ್ಕೆ. ಮೊನ್ನೆ ಮೊನ್ನೆ ಸಾವಿನ ಬಾಗಿಲು ಮುಟ್ಟಿ ಬಂದವಳ ಮುಂದೆ ಇವನು ಎರಡೂ ಹಾಕಿ ಮುಗಿಸಿ ನಗುತ್ತಾ ನಿಂತಿದ್ದಾನೆ.

"ದೊಕ್ಸು," ಅತ್ತೆ ನನ್ನತ್ತ ತಿರುಗಿ ಹಲ್ಲು ಕಚ್ಚಿ ಹೇಳಿದಳು, "ಈ ಅಪಶಕುನಾನ ಈಗಿಂದೀಗ್ಲೇ ಅಂಗಳದಿಂದ ಆಚೆ ಹಾಕು. ಇಲ್ಲಾಂದ್ರೆ ನಿಮ್ಮಮ್ಮ ಈ ವಾರ ದಾಟಲ್ಲ."

ಆಚೆ ಹಾಕುವುದು ನನ್ನ ಕೈಯಲ್ಲೇ ಇತ್ತು. ಕಚೇರಿಗೆ ಬೇಡವೆಂದು ಒಂದು ಮಾತು ಹೇಳಿದರೆ ಸಾಕು. ಅಂಗಳದ ಅಂಚಿನಲ್ಲೇ ಶೆಡ್, ಕೊಪ್ಪರಿಗೆಯ ಪಕ್ಕದ ಸೌಟು ಕೈಗೆ ಬಂದಿತ್ತು. ಯಾವ ಮುಂಡೇಗಂಡ ನಿನಗೆ ಇದನ್ನು ಕಲಿಸಿದ್ದು ಎಂದು ಅವನ ಮೇಲೆ ಹೋದೆ. ಪದಮ್‌ನ ಮುಖ ಬೂದಿಯಾಗಿತ್ತು. ಓಡಲಿಲ್ಲ.

"ನೀವೇ ಯಜಮಾನ್ರೇ. ದೊಡ್ಡ ಯಜಮಾನ್ರು ಹೋದಾಗ. ದೊಡ್ಡೋರಿಗೆ ಎರಡು ಹಾಕು, ಲೆಕ್ಕ ತಪ್ಪಬೇಡ ಅಂದ್ರಿ."

ಹೌದು. ಅಪ್ಪನ ಪಟದ ಮುಂದೆ ಇವನ ಕತ್ತು ಹಿಡಿದು ಬಗ್ಗಿಸಿ ಹಾಗೆಂದವನು ನಾನೇ. ಬದುಕಿರುವವರಿಗೆ ಎಷ್ಟು ಎಂದು ಯಾರು ಹೇಳಿದ್ದರು? ಹೊಸವರ್ಷಕ್ಕೆ ನಾವು ಹಿರಿಯರಿಗೆ ನಮಸ್ಕರಿಸುವಾಗ ಅವನು ರಜೆ ಹಾಕಿ ತನ್ನ ದೇಶದವರ ಜೊತೆ ಪಟ್ಟಣಕ್ಕೆ ಹೋಗುತ್ತಿದ್ದ. ಐದು ವರ್ಷ ಮನೆಯ ಅನ್ನ ತಿಂದವನಿಗೆ ನಾನು ಕಲಿಸಿದ್ದು ಸಾವಿನ ಲೆಕ್ಕ ಒಂದನ್ನೇ. ಸೌಟು ಎತ್ತಿದ ಕೈ ಮೇಲೂ ಹೋಗದೆ ಕೆಳಗೂ ಬರದೆ ನಿಂತಿತು.

ಅಮ್ಮ ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತಳು.

"ಪದಮ್, ಇನ್ನೊಂದು ಹಾಕು."

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಹಾಕೋ ಅಂದ್ರೆ. ಎರಡಕ್ಕೆ ನಿಲ್ಲಿಸ್ಬೇಡ."

ಮೂರನೆಯದನ್ನೂ ಹಾಕಿದ. ಅಮ್ಮ ಅತ್ತೆಯ ಕಡೆ ತಿರುಗಿದಳು.

"ಮೂರು ಯಾರಿಗೆ ಹಾಕೋದು ಹೇಳೇ, ತಿಂಗಳಿಗೆ ಎರಡು ಸಲ ಗುಡಿಗೆ ಹೋಗ್ತೀಯಲ್ಲ."

"ಬುದ್ಧನಿಗೆ," ಅಂದಳು ಅತ್ತೆ.

"ಹಾಗಾದ್ರೆ ಈಗ ನಾನು ಬುದ್ಧ. ನನ್ನ ಅಂಗಳದಿಂದ ಇವನನ್ನ ಆಚೆ ಹಾಕೋರು ಯಾರು, ಮುಂದೆ ಬನ್ನಿ ನೋಡೋಣ."

ಜನ್ಮದಲ್ಲಿ ಗುಡಿಯ ಮೆಟ್ಟಿಲು ಹತ್ತದವಳು ನಮ್ಮಮ್ಮ. ದೋಣಿ ನಿಲ್ಲುವ ಧಕ್ಕೆಯಲ್ಲಿ ಹಾರನ್ ಕೂಗಿತು. ಪದಮ್ ಮೊಣಕಾಲಿನ ಮಣ್ಣನ್ನೂ ಕೊಡವದೆ ಎದ್ದು ಬಂದು, ನನ್ನ ಕೈಯಿಂದ ಮೆಲ್ಲಗೆ ಸೌಟು ಬಿಡಿಸಿಕೊಂಡ. ಅದರಲ್ಲಿ ಕೊಪ್ಪರಿಗೆಯ ನೀರು ಮೊಗೆದು, ಊದಿ ಆರಿಸಿ, ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡ.

"ಉಪ್ಪು ಸಾಲ್ದು ಯಜಮಾನ್ರೇ," ಅಂದ.